ಮೂರು ಕಡಿಮೆ

ಏಪ್ರಿಲ್ ೧೮

ಅಕ್ಕನಿಗೆ,

ಪತ್ರ ಶುರು ಮಾಡುವಾಗ ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಬರೆಯಬೇಕೆಂದು ನೀನೇ ಹೇಳಿಕೊಟ್ಟಿದ್ದೆ. ಮೂರು ಸಲ ಹಾಗೆ ಬರೆದು ಹರಿದೆ. ನೀನು ಕ್ಷೇಮವಾಗಿಲ್ಲ ಎಂದು ಗೊತ್ತಿದ್ದೂ ಹಾಗೆ ಕೇಳುವುದು ಹೇಗೆ? ಅದಕ್ಕೇ ನೇರವಾಗಿ ಕೇಳುತ್ತೇನೆ. ಭುಜದ ಪಟ್ಟಿ ಬಿಚ್ಚಿದರಾ? ಬೆರಳು ಆಡುತ್ತವಾ? ಬಲಗೈಯಲ್ಲಿ ಲೋಟ ಹಿಡಿಯುವುದಕ್ಕೆ ಆಗುತ್ತದಾ?

ನೀನು ಚಿಕ್ಕಮ್ಮನ ಮನೆಗೆ ಹೋಗಿ ಇವತ್ತಿಗೆ ಇಪ್ಪತ್ತು ದಿನ. ನಿನ್ನ ಮಂಚದ ಮೇಲೆ ಒಗೆದ ಬಟ್ಟೆ ಹಾಕುತ್ತಿದ್ದೇನೆ. ಖಾಲಿ ಮಂಚ ನೋಡುವುದಕ್ಕಿಂತ ಬಟ್ಟೆ ನೋಡುವುದು ಮೇಲು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಹಾಗೇ ಇದೆ. ನಿನ್ನ ಜಾಗಕ್ಕೆ ಒಬ್ಬ ಹೆಂಗಸು ಬಂದಿದ್ದಾಳೆ. ನನಗಿಂತ ಒಂದೂವರೆ ಗೇಣು ಎತ್ತರ. ಮೊದಲ ದಿನವೇ ಎಲ್ಲರೂ ಅವಳಿಗೆ ಏಣಿ ಎಂದು ಹೆಸರಿಟ್ಟರು. ಅವಳೂ ಆ ಹೆಸರಿಗೆ ಓಗೊಡುತ್ತಾಳೆ. ಹಾಸಿಗೆಯ ಬಟ್ಟೆಯನ್ನು ನಾವಿಬ್ಬರೂ ಎದುರುಬದುರು ಹಿಡಿದು ಜಗ್ಗಿದರೆ, ಬಟ್ಟೆಯ ಜೊತೆ ನಾನೂ ಅವಳ ಕಡೆಗೆ ಹೋಗಿಬಿಡುತ್ತೇನೆ. "ನಿನ್ನನ್ನೂ ಮಡಚಿ ಕಪಾಟಲ್ಲಿ ಇಟ್ಬಿಡ್ಲೇನೆ?" ಅಂದಳು. ಎಲ್ಲರೂ ನಕ್ಕರು. ನೀನಿದ್ದರೆ ನನ್ನ ಪರವಾಗಿ ಏನಾದರೂ ಅನ್ನುತ್ತಿದ್ದೆ.

ಎಲ್ಲರೂ ನಿನ್ನ ವಿಷಯ ಕೇಳುತ್ತಾರೆ. ಅಗ್ನಿಶಾಮಕ ದಳದ ಪರೀಕ್ಷೆಗೆ ನಾಲ್ಕು ದಿನ ಬಾಕಿ ಇತ್ತು, ಹಿಡಿ ಇರುವ ಹನ್ನೆರಡು ಕಿಲೋ ಕಬ್ಬಿಣದ ಗುಂಡನ್ನು ಹತ್ತು ನಿಮಿಷದಲ್ಲಿ ನೂರು ಸಲ ತಲೆಯ ಮೇಲೆ ಎತ್ತಬೇಕಿತ್ತು, ಮನೆಯಲ್ಲೇ ಕೊನೆಯ ಸಲ ಎತ್ತಿ ನೋಡುವಾಗ ತೊಂಬತ್ತೇಳಕ್ಕೆ ಭುಜದ ಕೀಲು ತಪ್ಪಿತು ಎನ್ನುತ್ತೇನೆ. ಅಷ್ಟೇ ಹೇಳುತ್ತೇನೆ.

ಹನ್ನೆರಡು ಕಿಲೋ ಗುಂಡು ಈಗ ಸರಕು ನಿಲ್ದಾಣಕ್ಕೆ, ನಿನ್ನ ಗುರು ಕ್ರೇನಮ್ಮನ ಶೆಡ್ಡಿಗೆ ವಾಪಸು ಹೋಗಿದೆ. ಅದು ಬಿದ್ದ ಕಡೆ ನಮ್ಮ ಅಂಗಳದ ಸಿಮೆಂಟು ಒಡೆದಿದೆ.

ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಓದುತ್ತೇನೆ.

ನಿನ್ನ ತಂಗಿ,
ಗುಬ್ಬಿ


ಮೇ ೬

ಗುಬ್ಬಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಡಿದವರ ಹಾಗೆ ತೂರಾಡುತ್ತಿವೆ, ನಗಬೇಡ.

ಪಟ್ಟಿ ಬಿಚ್ಚಿದರು. ಬೆರಳು ಆಡುತ್ತವೆ. ಲೋಟ ಹಿಡಿಯಬಲ್ಲೆ, ತುಟಿಯವರೆಗೆ ತರಲಾರೆ. ಚಿಕ್ಕಮ್ಮನ ಗುಂಡಿ ಅಂಗಡಿಯಲ್ಲಿ ಕೂರುತ್ತೇನೆ. ಬೆಳಗಿನಿಂದ ಸಂಜೆವರೆಗೆ ಅಂಗಿಗೆ ಹೊಂದುವ ಗುಂಡಿ, ಬಣ್ಣಕ್ಕೆ ಹೊಂದುವ ದಾರ. ಹನ್ನೆರಡು ಕಿಲೋ ಎತ್ತಿದವಳಿಗೆ ಈಗ ಒಂದು ಗುಂಡಿ ಕೆಳಗೆ ಬಿದ್ದರೆ ಹೆಕ್ಕುವುದೇ ಕೆಲಸ. ಗುಂಡಿನಿಂದ ಗುಂಡಿಗೆ ಬಂದೆ ನೋಡು.

ಕೇಳಿದವರಿಗೆ ಕೀಲು ತಪ್ಪಿತು ಎನ್ನಬೇಡ. ಮೂರು ಕಡಿಮೆ ಆಯಿತು ಎನ್ನು. ಕೀಲು ಆಮೇಲೆ ತಪ್ಪಿದ್ದು. ಮೊದಲು ನನ್ನ ಶಕ್ತಿ ಮುಗಿದದ್ದು. ಶಕ್ತಿ ಇದ್ದವರಿಗೆ ತೊಂಬತ್ತೇಳಕ್ಕೆ ಕೈ ನಡುಗುವುದಿಲ್ಲ.

ಊಟ ಸರಿಯಾಗಿ ಮಾಡು. ಏಣಿಗೆ ಹೇಳು, ಬಟ್ಟೆ ಜಗ್ಗುವಾಗ ಮೊಣಕಾಲು ಬಗ್ಗಿಸು ಅಂತ. ನಿನಗೆ ಹೇಳಲು ನಾಚಿಕೆಯಾದರೆ ಈ ಸಾಲು ತೋರಿಸು.

ಅಕ್ಕ


ಮೇ ೨೮

ಅಕ್ಕನಿಗೆ,

ಆ ಸಾಲು ತೋರಿಸಿದೆ. ಏಣಿ ಓದಿ, "ನಿಮ್ಮಕ್ಕ ಅಲ್ಲಿಂದ್ಲೇ ಮೇಸ್ತ್ರಿಗಿರಿ ಮಾಡ್ತಾಳಲ್ಲೇ" ಅಂದಳು. ಆದರೆ ಮೊಣಕಾಲು ಬಗ್ಗಿಸಿದಳು. ಈಗ ಬಟ್ಟೆ ಸರಿಯಾಗಿ ಮಡಚುತ್ತೇವೆ.

ಒಂದು ಸುದ್ದಿ. ನಾನು ಗುಂಡು ಎತ್ತುವುದಕ್ಕೆ ಶುರು ಮಾಡಿದೆ. ಹನ್ನೆರಡಲ್ಲ, ಎಂಟು ಕಿಲೋದ್ದು. ಯಾಕೆ ಎಂದು ಕೇಳಬೇಡ. ಒಂದು ಬೆಳಿಗ್ಗೆ ಕಾಲು ತಾನಾಗಿ ಸರಕು ನಿಲ್ದಾಣದ ಕಡೆ ನಡೆಯಿತು. ಕ್ರೇನಮ್ಮ ಪಾಳಿ ಮುಗಿಸಿ ಕ್ರೇನಿನಿಂದ ಇಳಿಯುತ್ತಿದ್ದರು. ನನ್ನನ್ನು ನೋಡಿ, "ಏನೇ ಗುಬ್ಬಿ, ಎಣಿಸೋಕೆ ಯಾರೂ ಇಲ್ವಲ್ಲ ಈಗ?" ಅಂದರು. ನಾನು ಸುಮ್ಮನೆ ಎಂಟು ಕಿಲೋ ಗುಂಡಿನ ಹಿಡಿಗೆ ಕೈ ಹಾಕಿದೆ. ಆಮೇಲೆ, "ಕೈಯಿಂದ ಎತ್ತಿದ್ರೆ ಕೈ ಹೋಗುತ್ತೆ. ಸೊಂಟದಿಂದ ಹಾರಿಸು" ಅಂದರು.

ಮೊದಲ ವಾರ ಪ್ರತಿ ಸಲವೂ ಗುಂಡು ಮೇಲೆ ಹೋಗಿ ಮಗುಚಿ ಮುಂಗೈಗೆ ಧಡ್ ಎಂದು ಹೊಡೆಯುತ್ತಿತ್ತು. ಮುಂಗೈ ನೀಲಿಯಾಗಿ, ಆಮೇಲೆ ಹಸಿರಾಗಿ, ಈಗ ಹಳದಿ. ಎರಡು ಕಾಲಿನ ಮಧ್ಯೆ ಹಿಂದಕ್ಕೆ ಬೀಸಿ, ಸೊಂಟ ಚಿಮ್ಮಿಸಿ, ಒಂದೇ ಏಟಿಗೆ ತಲೆಯ ಮೇಲೆ. ನೀನು ಮಾಡುವಾಗ ನೀರು ಮೇಲಕ್ಕೆ ಹರಿದ ಹಾಗೆ ಕಾಣುತ್ತಿತ್ತು. ನಾನು ಮಾಡಿದರೆ ಯಾರೋ ಬಾವಿಯಿಂದ ಬಕೆಟ್ಟು ಕದ್ದ ಹಾಗಿದೆ ಎಂದು ಕ್ರೇನಮ್ಮ ನಗುತ್ತಾರೆ.

ನನಗೆ ಎಣಿಸುವ ಕೆಲಸ ಕೊಟ್ಟ ದಿನ ನೆನಪಾಯಿತು. "ಇವಳಿಗೆ ಎಣಿಸೋಕೆ ಬರುತ್ತಾ?" ಎಂದು ಕ್ರೇನಮ್ಮ ಕೇಳಿದ್ದಕ್ಕೆ ನೀನು, "ನಾಲ್ಕನೇ ಕ್ಲಾಸು ಓದಿದಾಳೆ, ಎಂಬತ್ತರ ತನಕ ಪರವಾಗಿಲ್ಲ, ಆಮೇಲೆ ದೇವರೇ ಗತಿ" ಅಂದೆ. ನನಗೆ ಅಳು ಬಂದಿತ್ತು. ಕ್ರೇನಮ್ಮ ಅಂದರು: "ಉದ್ದುದ್ದ ಹೇಳ್ಬೇಡ. ನೀನು ಎಪ್ಪತ್ತೊಂದು ಎಪ್ಪತ್ತೆರಡು ಅನ್ನೋಷ್ಟರಲ್ಲಿ ಅವಳು ಇನ್ನೊಂದು ಎತ್ತಿರ್ತಾಳೆ. ಹತ್ತು ತುಂಬಿದಾಗ ಹತ್ತು ಅನ್ನು, ಇಪ್ಪತ್ತು ತುಂಬಿದಾಗ ಇಪ್ಪತ್ತು ಅನ್ನು. ಮಧ್ಯೆ ಬರೀ ಒಂದು, ಎರಡು, ಮೂರು. ಎತ್ತೋಳು ಮಾತ್ರ ಎಣಿಸಬಾರದು. ಎಣಿಸಿದ್ರೆ ಉಸಿರು ತಪ್ಪುತ್ತೆ. ಎಣಿಕೆ ಪೂರ್ತಿ ಇವಳದ್ದು."

ಅದಕ್ಕೆ ಮೊದಲು ಯಾರೂ ನನಗೆ ಏನನ್ನೂ ಪೂರ್ತಿ ಒಪ್ಪಿಸಿರಲಿಲ್ಲ ಅಕ್ಕ.

ನಿನ್ನ ತಂಗಿ,
ಗುಬ್ಬಿ


ಜೂನ್ ೧೫

ಗುಬ್ಬಿ,

ಪೆದ್ದೀ, ಮುಂಗೈಗೆ ಹೊಡೆಯುವುದು ನೀನು ಹಿಡಿಯನ್ನು ಬಿಗಿಯಾಗಿ ಹಿಡಿದಿರುವುದರಿಂದ. ಬೆರಳು ಸಡಿಲ ಬಿಡು. ಗುಂಡು ಎದೆಯ ಮಟ್ಟ ದಾಟಿದ ಕೂಡಲೇ ಅಂಗಿಯ ತೋಳಿನೊಳಗೆ ಕೈ ತೂರಿಸುತ್ತೀಯಲ್ಲ, ಹಾಗೆ ಕೈಯನ್ನು ಮೇಲಕ್ಕೆ ತೂರಿಸು. ಆಗ ಅದು ಹೊಡೆಯುವುದಿಲ್ಲ, ಬಂದು ಕೂರುತ್ತದೆ. ಮೇಲೆ ಒಂದು ಕ್ಷಣ ನಿಲ್ಲಿಸು. ಮೊಣಕೈ ನೇರ, ಗುಂಡು ಅಲುಗಬಾರದು. ಅಲುಗಿದರೆ ಪರೀಕ್ಷೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಂಗೈಯಲ್ಲಿ ಜಡ್ಡು ಕಟ್ಟುತ್ತದೆ. ಉಜ್ಜುವ ಕಲ್ಲು ನನ್ನ ಮಂಚದ ಕೆಳಗೆ ಡಬ್ಬಿಯಲ್ಲಿದೆ. ಸ್ನಾನ ಆದ ಮೇಲೆ ಉಜ್ಜು. ಬಿಟ್ಟರೆ ಒಂದು ದಿನ ಕಿತ್ತು ಬರುತ್ತದೆ, ಆಮೇಲೆ ಒದ್ದೆ ಬಟ್ಟೆ ಮುಟ್ಟಲಾಗುವುದಿಲ್ಲ.

ಈ ಪತ್ರ ಬರೆಯುವಾಗ ಕೂತಲ್ಲೇ ಸೊಂಟ ಅಲುಗಿಸಿದೆನಂತೆ. "ಏನೇ ಅದು, ಕುರ್ಚೀಲಿ ಇರುವೆ ಇದೆಯಾ?" ಎಂದರು ಚಿಕ್ಕಮ್ಮ. ಬಹಳ ದಿನದ ಮೇಲೆ ನಕ್ಕೆ.

ಅಕ್ಕ


ಆಗಸ್ಟ್ ೨

ಅಕ್ಕನಿಗೆ,

ತೋಳಿನೊಳಗೆ ಕೈ ತೂರಿಸಿದೆ. ಗುಂಡು ಬಂದು ಕೂತಿತು. ಅದೇ ದಿನ ಐವತ್ತು ಮಾಡಿದೆ, ಎಡಗೈ ಇಪ್ಪತ್ತೈದು, ಬಲಗೈ ಇಪ್ಪತ್ತೈದು. ಈಗ ಹನ್ನೆರಡು ಕಿಲೋಗೆ ಬಂದಿದ್ದೇನೆ. ನಾಲ್ಕನೇ ಮಹಡಿಯವರೆಗೆ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹತ್ತಿದೆ, ಉಸಿರು ಕಟ್ಟಲಿಲ್ಲ. ಮೇಸ್ತ್ರಿ ನೋಡಿ, "ನಿಮ್ಮ ಮನೇಲಿ ಇನ್ನೂ ಎಷ್ಟು ಜನ ಹೀಗಿದೀರಿ?" ಅಂದ. "ಇಬ್ರೇ" ಅಂದೆ. ನಾನೇ ಬಾಯಿ ಬಿಟ್ಟು ಹೇಳಿದ್ದು. ಬೇಕಾದರೆ ಏಣಿಯನ್ನು ಕೇಳು.

ಇದರ ಜೊತೆ ಒಂದು ಅರ್ಜಿ ಇಟ್ಟಿದ್ದೇನೆ. ಕ್ರೇನಮ್ಮ ದಳದ ಕಚೇರಿಗೆ ಹೋಗಿ ತಂದರು. ಪೆಟ್ಟಾಗಿ ಪರೀಕ್ಷೆ ತಪ್ಪಿದವರಿಗೆ ಇನ್ನೊಂದು ಅವಕಾಶ ಇದೆಯಂತೆ. ಪರೀಕ್ಷೆ ಫೆಬ್ರವರಿಯಲ್ಲಿ. ಅರ್ಜಿ ಮಾತ್ರ ಸೆಪ್ಟೆಂಬರ್ ಮೂವತ್ತರೊಳಗೆ ಸೇರಬೇಕು. ಮಾರ್ಚಿಗೆ ನಿನಗೆ ಇಪ್ಪತ್ತೇಳು ತುಂಬುತ್ತದೆ, ಆಮೇಲೆ ವಯಸ್ಸು ಮೀರಿತು ಎನ್ನುತ್ತಾರಂತೆ. ಇದೇ ಕೊನೆ.

"ಡಾಕ್ಟರು ಆರು ತಿಂಗಳಿಗೆ ಭುಜ ಗಟ್ಟಿ ಆಗುತ್ತೆ ಅಂದಿದಾರೆ. ಆಮೇಲೂ ಐದು ತಿಂಗಳು ಸಿಗುತ್ತೆ. ಅವಳಿಗೆ ಹೇಳು, ನಾನು ಇನ್ನೂ ಸತ್ತಿಲ್ಲ, ಶೆಡ್ಡೂ ಬಿದ್ದಿಲ್ಲ" ಎಂದರು ಕ್ರೇನಮ್ಮ.

ಹೆಸರು, ವಿಳಾಸ ನಾನೇ ತುಂಬಿದ್ದೇನೆ. ನೀನು ಸಹಿ ಹಾಕಿದರೆ ಸಾಕು. ಎಡಗೈಯ ಸಹಿಯಾದರೂ ಆಗುತ್ತದಂತೆ.

ನಿನ್ನ ತಂಗಿ,
ಗುಬ್ಬಿ


ಆಗಸ್ಟ್ ೨೩

ಗುಬ್ಬಿ,

ಅರ್ಜಿ ವಾಪಸು ಕಳಿಸಿದ್ದೇನೆ. ಕ್ರೇನಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರ ಋಣ ತೀರಿಸಲಾರೆ.

ಭುಜ ಗಟ್ಟಿಯಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಈಗ ತಲೆ ಬಾಚಿಕೊಳ್ಳಬಲ್ಲೆ. ಆದರೆ ಭುಜ ಗಟ್ಟಿಯಾಗಿ ಏನು ಮಾಡಲಿ? ಆ ದಿನ ಭುಜಕ್ಕೆ ಏನೂ ಆಗಿರಲಿಲ್ಲ. ಎಂಟು ತಿಂಗಳು ಒಂದು ದಿನ ಬಿಡದೆ ಎತ್ತಿದ್ದೆ, ಹೊಟ್ಟೆ ತುಂಬ ಉಂಡಿದ್ದೆ, ಚೆನ್ನಾಗಿ ನಿದ್ದೆ ಮಾಡಿದ್ದೆ. ನನ್ನಿಂದ ಎಷ್ಟು ಸಾಧ್ಯವೋ ಅಷ್ಟೂ ಆ ದಿನ ನನ್ನಲ್ಲಿತ್ತು. ಅಷ್ಟಿದ್ದೂ ತೊಂಬತ್ತೇಳು. ಅಂದರೆ ನಾನು ಇರುವುದೇ ಅಷ್ಟು. ಕೀಲು ತಪ್ಪಿ ಕೂಡಿದ ಭುಜ ಇಟ್ಟುಕೊಂಡು ಅದಕ್ಕಿಂತ ಹೆಚ್ಚು ಎಲ್ಲಿಂದ ತರಲಿ?

ಉರಿಯುವ ಮನೆಯೊಳಗೆ ಯಾರೋ ಇರುತ್ತಾರೆ. ಅವರನ್ನು ಹೊತ್ತು ಇಳಿಯುವವಳಿಗೆ ಮೂರು ಮೆಟ್ಟಿಲು ಬಾಕಿ ಇರುವಾಗ ಶಕ್ತಿ ಮುಗಿದರೆ? ಈ ಯೋಚನೆ ತಲೆಯಿಂದ ಹೋಗುವುದಿಲ್ಲ. ಬೇಡ ಬಿಡು. ಗುಂಡಿ ಅಂಗಡಿಯಲ್ಲಿ ಯಾರೂ ಸಾಯುವುದಿಲ್ಲ.

ಇನ್ನು ಈ ವಿಷಯ ಎತ್ತಬೇಡ. ನಿನ್ನ ಎಣಿಕೆ ಎಷ್ಟಾಯಿತು ಬರೆ. ಅದನ್ನು ಓದುವುದಕ್ಕೆ ನನಗೆ ಇಷ್ಟ.

ಅಕ್ಕ


ಸೆಪ್ಟೆಂಬರ್ ೨೪

ಅಕ್ಕನಿಗೆ,

ಅರ್ಜಿ ಇನ್ನೂ ನನ್ನ ಹತ್ತಿರವೇ ಇದೆ. ಸಹಿ ಒಂದನ್ನು ಬಿಟ್ಟು ಎಲ್ಲ ತುಂಬಿದೆ. ಇನ್ನು ಆರು ದಿನ.

ನಿನಗೆ ಒಂದು ಮಾತು ಹೇಳಬೇಕು. ಆ ದಿನದ ಬಗ್ಗೆ.

ಮೊನ್ನೆ ಎಪ್ಪತ್ತು ಮಾಡಿದೆ. ಈಗ ಏಣಿ ಕೆಲಸ ಮುಗಿದ ಮೇಲೆ ಶೆಡ್ಡಿಗೆ ಬಂದು ನನಗೆ ಎಣಿಸುತ್ತಾಳೆ. ಹೊಸ ಒಗೆಯುವ ಮಿಷನ್ನು ಬಂದಿದೆ. ಅದರ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿಯವನನ್ನು ನಾನೇ ಕರೆದುಕೊಂಡು ಬಂದೆ.

ಅಷ್ಟೇ.

ನಿನ್ನ ತಂಗಿ,
ಗುಬ್ಬಿ


ಅಕ್ಟೋಬರ್ ೧೯

ಅಕ್ಕನಿಗೆ,

ನೀನು ತೊಂಬತ್ತೇಳು ಮಾಡಿರಲಿಲ್ಲ. ನಾನು ಎಣಿಸಿದ್ದು ತಪ್ಪು. ನೀನು ನೂರ ಏಳು ಮಾಡಿದ್ದೆ.

ಎಂಬತ್ತು ತುಂಬಿದ ಮೇಲೆ ಒಂದು, ಎರಡು ಎಂದು ಒಂಬತ್ತರವರೆಗೆ ಹೇಳಿದೆ. ಆಮೇಲೆ ತೊಂಬತ್ತು ಎನ್ನುವ ಕಡೆ ಇನ್ನೊಂದು ಸಲ ಎಂಬತ್ತು ಅಂದೆ. ಮತ್ತೆ ಒಂದರಿಂದ ಒಂಬತ್ತರವರೆಗೆ ಹೇಳಿದೆ. ಆಮೇಲೆ ತೊಂಬತ್ತು ಅಂದೆ. ನಾನು ತೊಂಬತ್ತು ಎಂದಾಗ ಅದು ನೂರು ಅಕ್ಕ. ಅಲ್ಲಿಗೆ ನೀನು ಮುಗಿಸಿದ್ದೆ. ಮುಗಿದ ಮೇಲೂ ಏಳು ಎತ್ತಿದೆ. ಬಲಗೈ ಒಂದರಲ್ಲೇ ಐವತ್ತೇಳು. ಭುಜ ಹೋದದ್ದು ಅದಕ್ಕೆ.

ನಿನ್ನೆ ನಾನು ತೊಂಬತ್ತು ಮುಟ್ಟಿದೆ. ಎಂಬತ್ತು ದಾಟಿದ ಮೇಲೆ ಮೈ ಏನಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಣ್ಣು ಕತ್ತಲಾಗುತ್ತದೆ. ಹಿಡಿ ಬೆರಳಿನಿಂದ ಜಾರುತ್ತದೆ. ಒಂದೊಂದನ್ನೂ ಇದೇ ಕೊನೆಯದು ಎಂದುಕೊಂಡು ಎತ್ತಬೇಕಾಗುತ್ತದೆ. ಕಿವಿಗೆ ಬೇರೇನೂ ಬೀಳುವುದಿಲ್ಲ, ಎಣಿಸುವವಳ ದನಿ ಒಂದೇ. ಏಣಿ ಒಂಬತ್ತು ಅಂದಳು. ಆಮೇಲೆ ಸ್ಪಷ್ಟವಾಗಿ ತೊಂಬತ್ತು ಅಂದಳು. ನಾನು ಗುಂಡು ಇಳಿಸಿ ಅಲ್ಲೇ ಕೂತೆ. "ಯಾಕೇ, ಇನ್ನು ಹತ್ತೇ ಹತ್ತು ತಾನೇ, ಎತ್ತೇ" ಎಂದಳು. ನನ್ನ ಕೈಲಿ ಆಗಲಿಲ್ಲ.

ಅರ್ಜಿಯ ದಿನ ಕಳೆದು ಹತ್ತೊಂಬತ್ತು ದಿನ ಆಯಿತು ಎಂದು ಗೊತ್ತು.

ಗುಬ್ಬಿ


ನವೆಂಬರ್ ೨

ನನ್ನ ಗುಬ್ಬಿಮರಿಗೆ,

ನೋಡು, ಇದು ಬಲಗೈ ಅಕ್ಷರ! ಅರ್ಧ ಪುಟಕ್ಕೆ ಭುಜ ಉರಿಯುತ್ತದೆ, ಉರಿಯಲಿ.

ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಿದೆ. ಎದ್ದು ನಿಂತೆ. ಗುಂಡಿಯ ತಟ್ಟೆ ಮಗುಚಿತು, ನೂರಾರು ಗುಂಡಿ ನೆಲದ ತುಂಬ. ಚಿಕ್ಕಮ್ಮ ಓಡಿ ಬಂದು, "ಏನಾಯ್ತೇ, ಯಾರಿಗೇನಾಯ್ತು?" ಎಂದರು. "ನಾನು ನೂರು ಮಾಡಿದ್ದೆ ಚಿಕ್ಕಮ್ಮ" ಅಂದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಕೂರಿಸಿ ಹೇಳಿದೆ. ಈಗ ಬಂದ ಗಿರಾಕಿಗಳಿಗೆಲ್ಲ, "ನಮ್ಮ ಹುಡುಗಿ ಹನ್ನೆರಡು ಕಿಲೋನ ನೂರ ಏಳು ಸಲ ಎತ್ತಿದಾಳೆ, ಗೊತ್ತಾ?" ಎನ್ನುತ್ತಾರೆ. ಪಾಪ, ಅವರು ಎರಡು ಗಜ ಲೇಸಿಗೆ ಬಂದಿರುತ್ತಾರೆ.

ಅತ್ತೆ. ಸುಳ್ಳು ಹೇಳುವುದಿಲ್ಲ. ಅರ್ಜಿಯ ದಿನ ಕಳೆದದ್ದಕ್ಕೆ ಅತ್ತೆ. ಒಂದು ತಿಂಗಳು ಮೊದಲೇ ನಿನಗೆ ಇದು ಹೊಳೆದಿದ್ದರೆ ಎಂದುಕೊಂಡೆ. ಆದರೆ ನಿನಗಾದರೂ ಹೇಗೆ ಗೊತ್ತಾಗಬೇಕು? ಚಿಕ್ಕಂದಿನಿಂದಲೂ ನಿನಗೆ ಎಂಬತ್ತಕ್ಕೂ ತೊಂಬತ್ತಕ್ಕೂ ಗಂಟು ಬೀಳುತ್ತದೆ. ಎಂಬತ್ತೊಂಬತ್ತು ಆದ ಮೇಲೆ ನೂರು ಅಂದು ಟೀಚರ ಹತ್ತಿರ ಕಿವಿ ಹಿಂಡಿಸಿಕೊಂಡವಳು ನೀನು. ನನ್ನ ಉಸಿರಿನ ಸದ್ದಿಗೆ ಹೆದರಿ ಬಾಯಿ ತಪ್ಪಿರಬೇಕು. ಬಾಯಿ ತಪ್ಪುವುದು ಯಾರಿಗಿಲ್ಲ? ಬೇಕೂಂತ ಮಾಡಿದ್ದಲ್ಲವಲ್ಲ.

ಎಂಟು ತಿಂಗಳಾದ ಮೇಲೆ ಯೋಚಿಸಿ ಯೋಚಿಸಿ ಲೆಕ್ಕ ಸರಿಮಾಡಿ ಬರೆದೆಯಲ್ಲ, ಅದಕ್ಕೆ ನಿನಗೆ ಏನು ಕೊಟ್ಟರೂ ಕಡಿಮೆ. ದಳ ಹೋದರೆ ಹೋಯಿತು. ನಾನು ಅಷ್ಟೇ ಅಲ್ಲ ಎಂದು ಗೊತ್ತಾಯಿತು.

ಡಿಸೆಂಬರಿನಲ್ಲಿ ರಜೆ ಹಾಕಿ ಬಾ. ನಿನ್ನ ಮುಂಗೈ ನೋಡಬೇಕು. ಚಿಕ್ಕಮ್ಮ ಆಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ.

ಪ್ರೀತಿಯ,
ನಿನ್ನ ಅಕ್ಕ


ನವೆಂಬರ್ ೧೪

ಅಕ್ಕನಿಗೆ,

ನಿನ್ನ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಎಂಟು ದಿನ ಸುಮ್ಮನಿದ್ದೆ. ನೀನು ಹೇಳಿದ್ದಕ್ಕೆ ಹೂಂ ಎಂದುಬಿಡೋಣ ಎನಿಸಿತು. ರಜೆಯನ್ನೂ ಕೇಳಿದೆ. ಮೇಸ್ತ್ರಿ ಐದು ದಿನ ಕೊಟ್ಟ.

ಬಾಯಿ ತಪ್ಪಲಿಲ್ಲ.

ಆ ಬೆಳಿಗ್ಗೆ ನೀನು ಅಟ್ಟದಿಂದ ಸೂಟ್‌ಕೇಸು ಇಳಿಸಿ ಒರೆಸಿದೆ. ಒರೆಸುತ್ತಾ ಮನೆಯೊಡತಿಯ ಹತ್ತಿರ ಮಾತಾಡುತ್ತಿದ್ದೆ. ಅವರು "ಎರಡು ವರ್ಷ ಅಲ್ಲೇ ಇರ್ಬೇಕಾ?" ಎಂದರು. ನೀನು "ಹೂಂ, ತರಬೇತಿ ಅಲ್ಲೇ" ಎಂದೆ. "ಗುಬ್ಬಿ?" ಎಂದರು. "ಇರ್ತಾಳೆ ಬಿಡಿ, ಕಲೀತಾಳೆ" ಎಂದೆ ನೀನು. ನಗುತ್ತಾ ಹೇಳಿದೆ. ನಾನು ಬಾಗಿಲ ಹಿಂದೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

ಅಂಗಡಿಯವನ ಹತ್ತಿರ ಸೋಪು ಕೇಳುವುದಕ್ಕೂ ನನಗೆ ನೀನು ಬೇಕಿತ್ತು. ಬಸ್ಸಿನಲ್ಲಿ ಟಿಕೇಟು ಕೇಳುವವಳು ನೀನು. ವೈದ್ಯರ ಹತ್ತಿರ ನನ್ನ ಹೊಟ್ಟೆನೋವನ್ನು ಹೇಳುವವಳೂ ನೀನೇ. ಎರಡು ವರ್ಷ ಆ ಕೋಣೆಯಲ್ಲಿ ಒಬ್ಬಳೇ ಇರುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಕ್ರೇನಮ್ಮ ಆ ದಿನ ಪಾಳಿಯಲ್ಲಿದ್ದರು. ಅಂಗಳದಲ್ಲಿ ನಾವಿಬ್ಬರೇ. ಗಡಿಯಾರ ನಿನ್ನ ಬೆನ್ನ ಹಿಂದೆ ಕಿಟಕಿಯಲ್ಲಿತ್ತು. ನೀನು ಎಣಿಸುವುದಿಲ್ಲ, ಎಣಿಕೆ ಪೂರ್ತಿ ನನ್ನದು. ಎಂಬತ್ತು ದಾಟಿದಾಗ ನೀನು ಇನ್ನೂ ನೀರಿನ ಹಾಗೆ ಎತ್ತುತ್ತಿದ್ದೆ. ನೂರು ಆಗಿಬಿಡುತ್ತದೆ ಎಂದು ಗೊತ್ತಾಯಿತು. ನಾಲ್ಕು ದಿನದ ನಂತರವೂ ಆಗುತ್ತದೆ, ನೀನು ಹೋಗುತ್ತೀಯ. ನಾನು ಒಂಬತ್ತು ಅಂದೆ. ಉಸಿರು ಎಳೆದುಕೊಂಡೆ. ಎಂಬತ್ತು ಅಂದೆ. ಸದ್ದಿನಲ್ಲಿ ಎಂಬತ್ತು, ತೊಂಬತ್ತು ಒಂದೇ ಹಾಗೆ ಕೇಳುತ್ತದೆ. ನಿನಗೆ ಗೊತ್ತಾಗಲಿಲ್ಲ.

ನೀನು ಸೋತು ಗುಂಡು ಇಳಿಸಿಬಿಡುತ್ತೀಯ ಎಂದುಕೊಂಡೆ. ನೂರು ಆಗಲಿಲ್ಲ, ಈ ಸಲ ಬೇಡ, ಮುಂದಿನ ವರ್ಷ ನೋಡೋಣ ಎನ್ನುತ್ತೀಯ ಎಂದುಕೊಂಡೆ. ಅಷ್ಟೇ ಬೇಕಿತ್ತು ನನಗೆ. ನೀನು ಇಳಿಸಲಿಲ್ಲ. ತೊಂಬತ್ತು ಅಂದ ಮೇಲೆ ನಿನ್ನ ಬಲಭುಜ ನಡುಗಲು ಶುರುವಾಯಿತು. ನಾನು ನೋಡುತ್ತಿದ್ದೆ. ಸಾಕು ಎನ್ನಬಹುದಿತ್ತು. ನೋಡುತ್ತಲೇ ಒಂದು, ಎರಡು, ಮೂರು ಎನ್ನುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಹೇಳಿದ್ದರೆ ನೀನು ಸಹಿ ಹಾಕುತ್ತಿದ್ದೆ. ಅದೂ ಗೊತ್ತಿತ್ತು. ಆರು ದಿನ ಬಾಕಿ ಇರುವಾಗ ಬರೆಯಲು ಕೂತು ನಲ್ಲಿಯ ವಿಷಯ ಬರೆದೆ. ನಿನ್ನ ಬೈಗುಳಕ್ಕೆ ಹೆದರಿದೆನೋ, ನೀನು ಮತ್ತೆ ಹೋಗುತ್ತೀಯ ಎಂದು ಹೆದರಿದೆನೋ, ಎಷ್ಟು ಕೇಳಿಕೊಂಡರೂ ನನಗೇ ತಿಳಿಯದು.

ನನಗೆ ಎಂಬತ್ತರ ಮೇಲೆ ಎಣಿಸಲು ಚೆನ್ನಾಗಿ ಬರುತ್ತದೆ ಅಕ್ಕ. ನೀನೇ ಕಲಿಸಿದ್ದು.

ರಜೆ ಇದೆ. ಬಾ ಎಂದರೆ ಬರುತ್ತೇನೆ.

ಗುಬ್ಬಿ


ಡಿಸೆಂಬರ್ ೨೮

ಗುಬ್ಬಿ,

ನಿನ್ನ ರಜೆ ಮುಗಿದಿರಬೇಕು. ಮುಗಿಯಲಿ ಎಂದೇ ಕಾದೆ.

ಬೈದು ಒಂದು ಪತ್ರ ಬರೆದೆ. ಬೈಯದೆ ಒಂದು ಬರೆದೆ. ಎರಡೂ ನನ್ನವು ಎನಿಸಲಿಲ್ಲ.

ಭುಜದ ಮಾತು ಬಿಡು. ಇಪ್ಪತ್ತು ವರ್ಷದ ಹುಡುಗಿಗೆ ಒಂದು ಗಳಿಗೆ ಬುದ್ಧಿ ಕೆಟ್ಟಿತು ಎಂದುಕೊಳ್ಳಬಲ್ಲೆ. ಆ ಹತ್ತನ್ನೂ ನುಂಗಿಕೊಳ್ಳಬಲ್ಲೆ, ಇವತ್ತಲ್ಲದಿದ್ದರೆ ಮುಂದೆ ಯಾವತ್ತಾದರೂ. ನುಂಗಲಾರದ್ದು ಬೇರೆ. ನಾನು ಮೂರು ಕಡಿಮೆ ಎಂದು ಬರೆಯುತ್ತಿದ್ದೆ. ನೀನು ಓದುತ್ತಿದ್ದೆ. ನಾನು ಇರುವುದೇ ಅಷ್ಟು ಎಂದು ಬರೆದೆ. ಅದನ್ನೂ ಓದಿದೆ. ಓದಿ ಮಡಚಿ ಇಟ್ಟು ಹೋಗಿ ಗುಂಡು ಎತ್ತಿದೆ. ನಾನು ಇಲ್ಲಿ ಕೂತು ನಿನಗೆ ಬೆರಳು ಹೇಗೆ ಸಡಿಲ ಬಿಡಬೇಕು ಎಂದು ಹೇಳಿಕೊಡುತ್ತಿದ್ದೆ.

ಹೋಗಬೇಡ ಅಕ್ಕ ಎಂದು ಒಂದು ಮಾತು ಅಂದಿದ್ದರೆ ನಾನು ನಿಲ್ಲುತ್ತಿದ್ದೆ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಹೋಗುತ್ತಿದ್ದೆ. ನೀನು ಅಳುತ್ತಿದ್ದೆ, ನಾನು ಬಸ್ಸು ಹತ್ತಿದ ಮೇಲೆ ಅಳುತ್ತಿದ್ದೆ. ಎರಡು ಮೂರು ತಿಂಗಳು ನಿನಗೆ ಕಷ್ಟವಾಗುತ್ತಿತ್ತು. ಆಮೇಲೆ ನೀನೇ ಸೋಪು ಕೇಳುತ್ತಿದ್ದೆ, ನೀನೇ ನಲ್ಲಿ ರಿಪೇರಿಯವನನ್ನು ಕರೆದುಕೊಂಡು ಬರುತ್ತಿದ್ದೆ. ಈಗಲೂ ಅದನ್ನೇ ಕಲಿತೆಯಲ್ಲ ಗುಬ್ಬಿ. ನಾನು ಹೋಗಿದ್ದರೆ ಕಲಿಯುತ್ತಿದ್ದದ್ದನ್ನೇ ಕಲಿತೆ.

ಕೆಲವು ಕಾಲ ಬರೆಯಬೇಡ. ಬರಲೂ ಬೇಡ. ಎಷ್ಟು ಕಾಲ ಎಂದು ಕೇಳಬೇಡ, ನನಗೇ ಗೊತ್ತಿಲ್ಲ. ಗುಂಡು ಎತ್ತುವುದನ್ನು ನಿಲ್ಲಿಸಬೇಡ. ಒದ್ದೆ ಬಟ್ಟೆ ಹೊರುವವಳಿಗೆ ಬೆನ್ನು ಗಟ್ಟಿ ಇರಬೇಕು.

ಚಿಕ್ಕಮ್ಮನಿಗೆ ನಾನು ಏನೂ ಹೇಳಿಲ್ಲ. ಅವರು ಇನ್ನೂ ಗಿರಾಕಿಗಳಿಗೆ ನೂರ ಏಳರ ಕತೆ ಹೇಳುತ್ತಿದ್ದಾರೆ. ನಿನ್ನ ಪತ್ರ ಬಂದ ದಿನ ತಟ್ಟೆಯಲ್ಲಿ ಗುಂಡಿ ಬೇರೆ ಮಾಡುತ್ತಾ, "ಏನಂತೆ ಗುಬ್ಬಿ?" ಎಂದು ಕೇಳಿದರು.

"ಚೆನ್ನಾಗಿದ್ದಾಳಂತೆ" ಅಂದೆ.

ಅಕ್ಕ